ರಾಹುಕಾಲದಲ್ಲಿ ನೋಡಿದ ಕಾರು

“ಗುರುಗಳೇ, ಹಳೆಯ ಡೀಸೆಲ್ ಕಾರು ಕೊಳ್ಳುವ ಮೊದಲು ಏನನ್ನು ತಿಳಿದಿರಬೇಕು?” ಎಂದು ಶಿವಮಲ್ಲು ಕೇಳಿದ.

ಅವನು ಆರು ವರ್ಷದಿಂದ ಗುರುಗಳ ಹತ್ತಿರ ಪಾಠ ಕೇಳುತ್ತಿದ್ದ ಶಿಷ್ಯ. ಇದುವರೆಗೆ ಆತ್ಮ, ಮಾಯೆ, ಮುಕ್ತಿ ಇವುಗಳ ಬಗ್ಗೆ ಕೇಳಿದ್ದ. ಉತ್ತರ ಬರುವ ಹೊತ್ತಿಗೆ ಒಂದೆರಡು ಸಲ ತೂಕಡಿಸಿಯೂ ಇದ್ದ. ಇವತ್ತು ಮಾತ್ರ ಅವನ ಕಣ್ಣು ಪೂರ್ತಿ ತೆರೆದಿತ್ತು. ಹೆಂಡತಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಹೆರಿಗೆ ಆಸ್ಪತ್ರೆ ಊರಿಂದ ನಲವತ್ತು ಕಿಲೋಮೀಟರು ದೂರ. ನೋವು ಯಾವ ಹೊತ್ತಿನಲ್ಲಿ ಕಾಣಿಸಿಕೊಂಡರೂ ಕೀಲಿ ತಿರುಗಿಸಿದ ಕೂಡಲೇ ಹೊರಡುವ ಕಾರು ಅವನಿಗೆ ಬೇಕಿತ್ತು. ತೋಪಿನ ಬೀದಿಯ ಮರಿದೇವರು ತನ್ನ ಕಾರನ್ನು ಮಾರಲು ಇಟ್ಟಿದ್ದ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಂದು ನೋಡುತ್ತೇನೆಂದು ಶಿವಮಲ್ಲು ಅವನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

ಗುರುಗಳು ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದರು. “ಅದೇನು?”

“ಏನೇನು ಪರೀಕ್ಷೆ ಮಾಡಬೇಕು ಎಂದು ಬರೆದುಕೊಂಡಿದ್ದೇನೆ. ಊರಲ್ಲಿ ಕಾರು ಇದ್ದವರು, ಇಲ್ಲದವರು ಎಲ್ಲರನ್ನೂ ಕೇಳಿದೆ. ಒಟ್ಟು ಇಪ್ಪತ್ತೆರಡು ಹೇಳಿದರು.”

“ಅದರಲ್ಲಿ ಕಾರು ಇಲ್ಲದವರು ಹೇಳಿದ್ದೆಷ್ಟು?”

ಶಿವಮಲ್ಲು ಎಣಿಸಿದ. “ಹದಿನೆಂಟು.”

ಜಗಲಿಯ ಮೇಲೆ ಬೆಳಿಗ್ಗೆ ಯಾರೋ ತಂದಿಟ್ಟಿದ್ದ ಬಾಳೆಹಣ್ಣಿನ ಚಿಪ್ಪಿತ್ತು. ಗುರುಗಳು ಒಂದನ್ನು ಮುರಿದು ಅವನ ಕೈಗೆ ಕೊಟ್ಟರು. “ಕಾಗದ ಜೇಬಿನಲ್ಲಿಡು. ಹಣ್ಣು ತಿನ್ನು. ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ವಾರಕ್ಕೆ ಐದು ಸಂತೆ ಮಾಡುತ್ತಿದ್ದ. ಆ ಸಂತೆಗಳಲ್ಲಿ ಯಾರಿಗೂ ಇಂಥದೇ ಜಾಗ ಎಂದು ಇರಲಿಲ್ಲ. ಮೊದಲು ಬಂದು ಗೋಣಿತಾಟು ಹಾಸಿದವರಿಗೆ ಬೇವಿನ ಮರದ ನೆರಳು. ಆಮೇಲೆ ಬಂದವರಿಗೆ ಬಿಸಿಲು. ಎಲ್ಲರಿಗಿಂತ ಕೊನೆಯಲ್ಲಿ ಬಂದವರಿಗೆ ಒಣಮೀನಿನ ಅಂಗಡಿಯ ಪಕ್ಕ. ಒಣಮೀನಿನ ಪಕ್ಕ ನಿಂತು ಯಾವ ತಾಯಿಯೂ ಮಗಳ ಮದುವೆಗೆ ಹಿತ್ತಾಳೆ ಬಿಂದಿಗೆ ಆರಿಸುವುದಿಲ್ಲ.

ವ್ಯಾಪಾರಿಯ ಪಾತ್ರೆಗಳು ಪಕ್ಕದ ಬೀದಿಯವನ ಟೆಂಪೋದಲ್ಲಿ ಹೋಗುತ್ತಿದ್ದವು. ಆ ಟೆಂಪೋ ಮೊದಲು ಡೈರಿಗೆ ಹಾಲಿನ ಕ್ಯಾನು ಇಳಿಸಿ ಆಮೇಲೆ ಇವನ ಮನೆಗೆ ಬರುತ್ತಿತ್ತು. ಹೀಗಾಗಿ ಎರಡು ವರ್ಷ ಅವನು ಒಣಮೀನಿನ ಪಕ್ಕದಲ್ಲೇ ವ್ಯಾಪಾರ ಮಾಡಿದ. ಮನೆಗೆ ಬಂದರೆ ಬೆಕ್ಕು ಮಾತ್ರ ಪ್ರೀತಿಯಿಂದ ಹತ್ತಿರ ಬರುತ್ತಿತ್ತು. ಕೊನೆಗೆ ಅವನು ನಿಶ್ಚಯ ಮಾಡಿದ. ಒಂದು ಹಳೆಯ ಡೀಸೆಲ್ ಕಾರು ಕೊಳ್ಳಬೇಕು. ಹಿಂದಿನ ಸೀಟು ಮಡಿಸಿ ಪಾತ್ರೆ ತುಂಬಬೇಕು. ನಸುಕಿನಲ್ಲಿ ನಾಲ್ಕೂವರೆಗೆ ಮನೆ ಬಿಡಬೇಕು. ಕೋಳಿ ಕೂಗುವ ಹೊತ್ತಿಗೆ ಬೇವಿನ ಮರದ ಕೆಳಗೆ ಇರಬೇಕು.

ವ್ಯಾಪಾರಿ ದಡ್ಡನಲ್ಲ. ಕೊಳ್ಳುವ ಮೊದಲು ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡ. ಭಾರ ಹೊತ್ತು ದಿನಕ್ಕೆ ನೂರು ಕಿಲೋಮೀಟರು ಓಡಿಸುವವನಿಗೆ ಡೀಸೆಲ್ಲು ಸರಿ. ಬೀದಿ ತುದಿಯ ಅಂಗಡಿಗೆ ಹೋಗಿ ಬರುವವನಿಗೆ ಅದು ಒಳಗೆ ಮಸಿ ಕಟ್ಟಿಕೊಂಡು ಕೆಡುತ್ತದೆ ಎಂದು ತಿಳಿದುಕೊಂಡ. ಮೀಟರು ಸ್ವಲ್ಪವೇ ಓಡಿದೆ ಎಂದು ತೋರಿಸುತ್ತಿದ್ದು, ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ರಬ್ಬರಿನ ಮಾತನ್ನೇ ನಂಬಬೇಕು ಎಂದು ತಿಳಿದುಕೊಂಡ. ಕಪ್ಪು ಹೊಗೆಯ ಅರ್ಥ ಬೇರೆ, ನೀಲಿ ಹೊಗೆಯ ಅರ್ಥ ಬೇರೆ ಎಂದು ತಿಳಿದುಕೊಂಡ. ಎಂಜಿನ್ನು ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬಂತೋ, ಮಾರುವವನಿಗೆ ಕೈ ಮುಗಿದು ಮನೆಗೆ ಬರಬೇಕು ಎಂದೂ ತಿಳಿದುಕೊಂಡ. ಎಂಜಿನ್ನಿನ ಬೆಲ್ಟು ಯಾವಾಗ ಬದಲಾಯಿಸಿದಿರಿ ಎಂದು ಕೇಳಬೇಕು. ಮಾರುವವನು ಆಕಾಶ ನೋಡಿದರೆ ಅದು ಇನ್ನೂ ಹಳೆಯ ಬೆಲ್ಟೇ.

ಇಷ್ಟೆಲ್ಲ ತಿಳಿದವನಿಗೆ ಒಂದು ಅಭ್ಯಾಸವಿತ್ತು. ಪಂಚಾಂಗ ನೋಡದೆ ಯಾವ ಕೆಲಸಕ್ಕೂ ಹೊಸ್ತಿಲು ದಾಟುತ್ತಿರಲಿಲ್ಲ. ಒಳ್ಳೆಯ ಹೊತ್ತು ಗೊತ್ತಾದ ಮೇಲೆ ಆ ಕಡೆಯವರಿಗೆ ಫೋನು ಮಾಡಿ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಬರುತ್ತೇನೆ ಎಂದು ತಿಳಿಸುತ್ತಿದ್ದ. ಒಬ್ಬರ ಮನೆಗೆ ಹೇಳದೆ ಹೋಗುವುದು ಮರ್ಯಾದೆಯಲ್ಲ ಎಂದು ಅವನ ತಂದೆ ಕಲಿಸಿದ್ದ.

ಪಕ್ಕದ ಊರಿನಲ್ಲಿ ಒಬ್ಬ ಗುಮಾಸ್ತ ತನ್ನ ಡೀಸೆಲ್ ಕಾರನ್ನು ಮಾರಲಿದ್ದ. ವ್ಯಾಪಾರಿ ಗುರುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಬರುತ್ತೇನೆಂದು ತಿಳಿಸಿದ. ಒಂಬತ್ತೂ ಹತ್ತಕ್ಕೇ ಹೋದ. ಕಾರು ಹೊಂಗೆ ಮರದ ಕೆಳಗೆ ನಿಂತಿತ್ತು. ಕೀಲಿ ಅರ್ಧ ತಿರುಗಿಸುವಷ್ಟರಲ್ಲಿ ಎಂಜಿನ್ನು ಹೊತ್ತಿಕೊಂಡಿತು. ರಬ್ಬರು ಸರಿಯಾಗಿತ್ತು. ಮುಚ್ಚಳ ತೆಗೆದರೆ ಹೊಗೆ ಬರಲಿಲ್ಲ. ಬೆಲ್ಟಿನ ವಿಷಯ ಕೇಳಿದಾಗ ಗುಮಾಸ್ತ ಆಕಾಶ ನೋಡದೆ ಚೀಟಿ ತೋರಿಸಿದ. ವ್ಯಾಪಾರಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ. ಇನ್ನೊಂದು ಸಲ ನೋಡಿ ಬಿಡೋಣ ಎಂದು ಶನಿವಾರ ಹತ್ತೂ ನಲವತ್ತಕ್ಕೆ ಬರುತ್ತೇನೆಂದು ತಿಳಿಸಿದ. ಹೆಂಡತಿಯನ್ನೂ ಕರೆದುಕೊಂಡು ಹೋದ. ಅವಳ ಕಂಕುಳಲ್ಲಿ ಎರಡು ವರ್ಷದ ಮಗನಿದ್ದ.

ಶನಿವಾರವೂ ಕಾರು ಕೀಲಿ ತಿರುಗಿಸುವುದನ್ನೇ ಕಾಯುತ್ತಿದ್ದಂತೆ ಹೊತ್ತಿಕೊಂಡಿತು. ವ್ಯಾಪಾರಿ ಹೆಂಡತಿಯ ಮುಖ ನೋಡಿದ. ಅವಳು ಎಂಜಿನ್ನಿನ ಸದ್ದು ಕೇಳುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟಿದ್ದಳು. ಆಮೇಲೆ ಕೈ ಮಗುಚಿ ಹಿಂಗೈ ಇಟ್ಟಳು. ಮಗುವಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

“ಇದಕ್ಕೆ ಜ್ವರ” ಎಂದಳು.

ಕಾರು ಆಗಷ್ಟೇ ಸ್ಟಾರ್ಟ್ ಆಗಿತ್ತು. ಬಿಸಿಯಾಗಲು ಹೊತ್ತೇ ಆಗಿರಲಿಲ್ಲ. ಬೆಳಗಿನಿಂದ ಅದು ನೆರಳಿನಲ್ಲೇ ಇತ್ತು. ಗುಮಾಸ್ತ ತಡಬಡಿಸಿದ. “ಈಗ ತಾನೇ ಅಂಗಡಿಗೆ ಹೋಗಿ ಬಂದೆ ತಾಯಿ, ಸಕ್ಕರೆ ತರಲು” ಎಂದ.

ಅವಳು ತಲೆಯಾಡಿಸಿದಳು. ಕಾರಿನ ಮಾಡಿನ ಮೇಲೆ ಹೊಂಗೆ ಹೂವು ಒಂದು ಪದರ ಬಿದ್ದಿತ್ತು. ಒಂದೂ ಚೆದುರಿರಲಿಲ್ಲ. ಅವಳು ಹೂವನ್ನು ನೋಡಿದಳು, ಗುಮಾಸ್ತನನ್ನು ನೋಡಿದಳು.

ವ್ಯಾಪಾರಿ ಮಾತ್ರ ಸೋಮವಾರಕ್ಕೆ ಗೊತ್ತುಮಾಡಿಬಿಟ್ಟ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ಅದು ಕಳೆದು ಒಂಬತ್ತೂ ಹತ್ತಕ್ಕೆ ಬಂದು ಕಾರು ತೆಗೆದುಕೊಂಡು ಹೋಗುವುದಾಗಿ ಮಾತು ಕೊಟ್ಟ. ನಿಂಬೆಹಣ್ಣು, ತೆಂಗಿನಕಾಯಿ, ಕುಂಕುಮ ಎಲ್ಲ ತಂದಿಟ್ಟ.

ಭಾನುವಾರ ಸಂಜೆ ಹೆಂಡತಿ ಹೇಳಿದಳು: “ನಾಳೆ ಒಂಬತ್ತಕ್ಕೆ ಬೇಡ. ಏಳೂ ಮುಕ್ಕಾಲಿಗೆ ಹೋಗೋಣ. ಫೋನು ಮಾಡಬೇಡಿ.”

“ರಾಹುಕಾಲದಲ್ಲಿ? ಅದೂ ಹೇಳದೆ? ನಿನಗೆ ತಲೆ ನೆಟ್ಟಗಿದೆಯಾ?”

“ನೀವು ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ಗಿರಾಕಿ ಬರುವ ಮುಂಚೆಯೋ, ಬಂದ ಮೇಲೋ?”

ಹದಿನೈದು ವರ್ಷದಿಂದ ಸಂತೆಯ ಹಿಂದಿನ ದಿನ ಉಜ್ಜುತ್ತ ಬಂದವನು ವ್ಯಾಪಾರಿಯೇ. ಆದರೂ ಪೂರ್ತಿ ಸೋಲಲು ಮನಸ್ಸಾಗಲಿಲ್ಲ. “ರಾಹುಕಾಲದಲ್ಲಿ ಆದದ್ದು ಯಾವುದು ಉದ್ಧಾರವಾಗಿದೆ ಹೇಳು” ಎಂದ.

“ನಿಮ್ಮ ಮಗ ಹುಟ್ಟಿದ್ದು ಯಾವಾಗ?”

“ರಾಹುಕಾಲದಲ್ಲೇ. ಅದಕ್ಕೇ ಅವನಿಗೆ ಅಷ್ಟು ಹಠ.”

“ಅದು ರಾಹು ಕೊಟ್ಟದ್ದಲ್ಲ. ನಿಮ್ಮ ಅಮ್ಮನ ಕಡೆಯಿಂದ ಬಂದದ್ದು.”

ಮಗ ಅಷ್ಟರಲ್ಲಿ ಪೂಜೆಗೆ ತಂದಿಟ್ಟ ನಿಂಬೆಹಣ್ಣನ್ನು ಕಚ್ಚಿ, ಮುಖ ಹಿಂಡಿಕೊಂಡು, ಮತ್ತೆ ಅದನ್ನೇ ಕಚ್ಚುತ್ತಿದ್ದ. ವ್ಯಾಪಾರಿ ಅವನನ್ನು ನೋಡಿ ಸೋತ.

ಸೋಮವಾರ ಏಳೂ ಮುಕ್ಕಾಲಿಗೆ ಅವರು ಗುಮಾಸ್ತನ ಬಾಗಿಲಲ್ಲಿ ನಿಂತರು. ಗುಮಾಸ್ತ ಹೆಗಲಿಗೆ ಟವೆಲ್ಲು ಹಾಕಿಕೊಂಡು ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ. ಅವರನ್ನು ನೋಡಿ ಬ್ರಷ್ಷು ಬಾಯಲ್ಲೇ ನಿಂತಿತು. ಗೋಡೆಯ ಗಡಿಯಾರ ನೋಡಿದ. ಅವರನ್ನು ನೋಡಿದ. ಬಾಯಿ ತೊಳೆದುಕೊಂಡು ಬಂದು, “ಈಗ ರಾಹುಕಾಲ ಅಲ್ಲವೇ ಯಜಮಾನರೇ? ನಿಮಗೆ ಆಗಿಬರುವುದಿಲ್ಲ. ಒಂಬತ್ತರ ಮೇಲೆ ಬನ್ನಿ. ನಾನೂ ಸ್ನಾನ ಮುಗಿಸಿರುತ್ತೇನೆ” ಎಂದ.

ವ್ಯಾಪಾರಿ ಹಿಂದಕ್ಕೆ ತಿರುಗಿಯೇ ಬಿಟ್ಟಿದ್ದ. ಹೆಂಡತಿ ಅವನ ಶರ್ಟಿನ ತುದಿ ಹಿಡಿದು ನಿಲ್ಲಿಸಿದಳು.

“ಸ್ನಾನ ನಿಧಾನವಾಗಿ ಮಾಡಿ ಅಣ್ಣ. ಕೀಲಿ ಇಲ್ಲಿ ಕೊಡಿ” ಎಂದಳು.

ಅವಳು ಬಾನೆಟ್ಟು ಮುಟ್ಟಿದಳು. ತಣ್ಣಗಿತ್ತು. ಮೇಲೆ ಇಬ್ಬನಿ ಕೂತಿತ್ತು. ವ್ಯಾಪಾರಿ ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ನರಳಿತು. ಮತ್ತೆ ತಿರುಗಿಸಿದ. ಮತ್ತೆ ನರಳಿತು. ನಾಲ್ಕನೆಯ ಸಲಕ್ಕೆ ಎದುರು ಮನೆಯವರು ಕಿಟಕಿ ತೆರೆದರು. ಆರನೆಯ ಸಲಕ್ಕೆ ಅದು ಮೈಯೆಲ್ಲ ನಡುಗಿಸಿ, ಬೀದಿ ತುಂಬ ಬಿಳಿಯ ಹೊಗೆ ಬಿಟ್ಟು, ಅಂತೂ ಹೊತ್ತಿಕೊಂಡಿತು. ಮಗು ಸಂತೋಷದಿಂದ ಚಪ್ಪಾಳೆ ತಟ್ಟಿತು. ಅದರ ಜತೆ ಚಪ್ಪಾಳೆ ತಟ್ಟಲು ಬೇರೆ ಯಾರೂ ಇರಲಿಲ್ಲ.

ವ್ಯಾಪಾರಿ ಇಳಿದು ಬಂದ. ಕಣ್ಣ ಮುಂದೆ ಬೇವಿನ ಮರ ದೂರ ಹೋಯಿತು. ಒಣಮೀನು ಹತ್ತಿರ ಬಂತು. “ನಡಿ ಹೋಗೋಣ” ಎಂದ.

ಹೆಂಡತಿ ಹೋಗಲಿಲ್ಲ. ಜಗಲಿಯ ಮೇಲೆ ಕೂತಳು. “ಅಣ್ಣ, ಇದು ಹೀಗೆ ಎಷ್ಟು ದಿನದಿಂದ?” ಎಂದು ಕೇಳಿದಳು.

ಗುಮಾಸ್ತನಿಗೆ ಸುಳ್ಳು ಹೇಳಲು ಹೊತ್ತು ಸಾಲಲಿಲ್ಲ. ಇನ್ನೂ ಟವೆಲ್ಲಿನಲ್ಲೇ ಇದ್ದ. “ಮೂರು ತಿಂಗಳಾಯಿತು ತಾಯಿ” ಎಂದ. “ಯಾರಾದರೂ ನೋಡಲು ಬರುತ್ತಾರೆಂದರೆ ಅರ್ಧ ಗಂಟೆ ಮುಂಚೆ ಹೇಗೋ ಹೊತ್ತಿಸಿ, ನಿಂತಲ್ಲೇ ಓಡಿಸಿ, ಬೆಚ್ಚಗೆ ಮಾಡಿ ಇಡುತ್ತಿದ್ದೆ. ಹೇಳಿದ ಹೊತ್ತಿಗೆ ಎಷ್ಟೋ ಜನ ಬರುವುದೇ ಇಲ್ಲ. ನಿಮ್ಮ ಯಜಮಾನರಂಥ ಗಿರಾಕಿ ಸಿಗುವುದು ಕಷ್ಟ. ಒಂದು ನಿಮಿಷ ಹಿಂದೆ ಮುಂದೆ ಇಲ್ಲ.”

ವ್ಯಾಪಾರಿಗೆ ಇದು ಹೊಗಳಿಕೆಯೋ ಏನೋ ತಿಳಿಯಲಿಲ್ಲ.

“ಏನು ಕೆಟ್ಟಿದೆ ಎಂದು ಮೆಕ್ಯಾನಿಕ್ಕಿಗೆ ತೋರಿಸಿದಿರಾ?”

“ಎಲ್ಲಿ ತೋರಿಸಲಿ? ಗ್ಯಾರೇಜಿನ ಮುಂದೆ ಒಂದು ಬೆಂಚಿದೆ. ಅರ್ಧ ಊರು ಅದರ ಮೇಲೆ ಕೂತಿರುತ್ತದೆ. ಎಂಜಿನ್ನು ಹೋಗಿದೆ ಎಂದು ಅವನೊಂದು ಮಾತು ಹೇಳಿದರೆ ಮುಗಿಯಿತು. ಮತ್ತೆ ಈ ಕಾರನ್ನು ಯಾರು ಕೇಳುತ್ತಾರೆ? ಅದಕ್ಕೇ ಹೋಗಲಿಲ್ಲ.”

“ಹಾಗಾದರೆ ಏನು ಕೆಟ್ಟಿದೆ ಎಂದು ನಿಮಗೂ ಗೊತ್ತಿಲ್ಲ.”

“ಇಲ್ಲ.”

ಅವಳು ನಕ್ಕಳು. ಮೊದಲು ಮೆಲ್ಲಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. “ಏನನ್ನು ಮುಚ್ಚಿಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಮೂರು ತಿಂಗಳು ಮುಚ್ಚಿಟ್ಟಿರಾ ಅಣ್ಣ?” ಎಂದಳು. ಗುಮಾಸ್ತನಿಗೂ ನಗು ಬಂತು. ಟವೆಲ್ಲು ಬಿಗಿ ಮಾಡಿಕೊಂಡು ನಕ್ಕ. ವ್ಯಾಪಾರಿ ಮಾತ್ರ ಗಡಿಯಾರ ನೋಡಿ, “ರಾಹುಕಾಲ ಇನ್ನೂ ಅರ್ಧ ಗಂಟೆ ಇದೆ” ಎಂದ.

ಅವಳು ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದಳು. ಬೆಂಚು ಅವನ ಜತೆ ಬರುವುದಿಲ್ಲವಲ್ಲ. ಮೆಕ್ಯಾನಿಕ್ಕು ಕೀಲಿ ತಿರುಗಿಸಿದ, ಕಿವಿಗೊಟ್ಟ, ನಾಲ್ಕು ಸಣ್ಣ ಕಡ್ಡಿಗಳನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದ. ಹೀಟರ್ ಪ್ಲಗ್ಗು ಎಂದ. ತಣ್ಣಗಿರುವ ಡೀಸೆಲ್ ಎಂಜಿನ್ನು ಹೊತ್ತಿಕೊಳ್ಳಬೇಕಾದರೆ ಒಳಗೆ ಕಾವು ಕೊಡುವುದು ಇವೇ. ನಾಲ್ಕರಲ್ಲಿ ಮೂರು ಸತ್ತಿದ್ದವು. ಒಂದು ಒಂಟಿಯಾಗಿ ಎಲ್ಲರ ಕೆಲಸ ಮಾಡುತ್ತಿತ್ತು.

“ನನ್ನ ಹಾಗೆ” ಎಂದಳು ಹೆಂಡತಿ.

ಎಂಜಿನ್ನಿನಲ್ಲಿ ಬೇರೇನಾದರೂ ತೊಂದರೆ ಇದೆಯೇ ಎಂದೂ ಅವಳು ಕೇಳಿದಳು. ಮೆಕ್ಯಾನಿಕ್ಕು ಉಪಕರಣ ಹಚ್ಚಿ ನೋಡಿದ. ಏನೂ ಇಲ್ಲ, ಇನ್ನೂ ಹತ್ತು ವರ್ಷ ಓಡುತ್ತದೆ ಎಂದ. ಗುಮಾಸ್ತ ಆ ನಾಲ್ಕು ಕಡ್ಡಿಗಳನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವುಗಳ ಬೆಲೆಗಿಂತ ಹೆಚ್ಚಿನ ಡೀಸೆಲ್ಲನ್ನು ಅವನು ಮುಚ್ಚಿಡುವುದಕ್ಕೇ ಸುಟ್ಟಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಕಡ್ಡಿಗಳು ಕೂತವು. ಕಾರು ಕೂಡಲೇ ಹೊತ್ತಿಕೊಂಡಿತು. ವ್ಯಾಪಾರಿ ತೆಂಗಿನಕಾಯಿ ಕೈಗೆತ್ತಿಕೊಂಡ. ಹೆಂಡತಿ ಅದನ್ನು ಕಸಿದುಕೊಂಡಳು. “ಈಗ ಅದು ಮಧ್ಯಾಹ್ನದ ಕಾರು. ನಮಗೆ ಬೇಕಾದ್ದು ನಸುಕಿನ ಕಾರು” ಎಂದಳು.

“ಮತ್ತೆ ಯಾವಾಗ ಬರುತ್ತೀರಿ?” ಎಂದು ಗುಮಾಸ್ತ ಕೇಳಿದ. ಕೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಅವರು ಮಂಗಳವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಗುರುವಾರ ಬೆಳಕು ಹರಿಯುವ ಮುಂಚೆ ಬಂದರು. ಗುಮಾಸ್ತ ಕಣ್ಣುಜ್ಜಿಕೊಂಡು ಬಾಗಿಲು ತೆರೆದು ಕೀಲಿ ಕೊಟ್ಟ. ಬಾನೆಟ್ಟಿನ ಮೇಲೆ ಮಗುವಿನ ಕೈಯನ್ನೂ ಇಡಿಸಿದಳು ಅವಳು. ಮಗು “ತಣ್ಣಗೆ” ಎಂದಿತು. ವ್ಯಾಪಾರಿ ಕೀಲಿ ತಿರುಗಿಸಿದ. ಪ್ಲಗ್ಗು ಕಾಯುತ್ತಿರುವುದನ್ನು ತೋರಿಸುವ ದೀಪ ಒಂದು ಕ್ಷಣ ಉರಿದು ಆರಿತು. ಮೊದಲನೆಯ ತಿರುವಿಗೇ ಎಂಜಿನ್ನು ಹೊತ್ತಿಕೊಂಡಿತು. ಮರದ ಮೇಲಿನ ಕಾಗೆಗಳು ಎದ್ದವು. ಎದುರು ಮನೆಯವರು ಮತ್ತೆ ಕಿಟಕಿ ತೆರೆದರು. ಗುಮಾಸ್ತ ಮೂರು ತಿಂಗಳಲ್ಲಿ ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದ. ಯಾರೂ ತಿಕ್ಕದೆ, ಯಾರೂ ಬೆಚ್ಚಗೆ ಮಾಡದೆ ತನ್ನ ಕಾರು ಇಷ್ಟು ಚೆನ್ನಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅಲ್ಲೇ ತೆಂಗಿನಕಾಯಿ ಒಡೆದರು. ಅದು ಯಾವ ಕಾಲ ಎಂದು ವ್ಯಾಪಾರಿ ನೋಡಲಿಲ್ಲ. ನೋಡಬೇಕೆಂದು ನೆನಪಾಗಲಿಲ್ಲ.

ಮುಂದಿನ ಸಂತೆಗೆ ಅವನೇ ಮೊದಲು ಬಂದ. ಬೇವಿನ ಮರದ ಕೆಳಗೆ ಎರಡು ಗೋಣಿತಾಟು ಹಾಸಿದ. ಬಿಂದಿಗೆ, ತಪ್ಪಲೆ, ಕೊಳಗ ಎಲ್ಲವನ್ನೂ ಜೋಡಿಸಿದ. ಒಣಮೀನಿನವಳು ದೂರದಿಂದ, “ಏನಪ್ಪಾ, ನನ್ನನ್ನು ಬಿಟ್ಟು ಹೋದೆಯಾ?” ಎಂದು ಕೂಗಿದಳು. ಇಡೀ ಸಂತೆ ನಕ್ಕಿತು. ಅವನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನೂ ಬಂದ. ಒಂದು ತಂಬಿಗೆ ಎತ್ತಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು ಕೇಳಿದ. “ಹುಣಸೆಹಣ್ಣು ಹಚ್ಚದ ತಂಬಿಗೆ ಇದ್ದರೆ ತೋರಿಸಿ ಯಜಮಾನರೇ” ಎಂದ. ಚೀಲದ ತಳದಲ್ಲಿ ಮಂಕಾಗಿ ಕೂತಿದ್ದ ಒಂದು ತಂಬಿಗೆಯನ್ನು ವ್ಯಾಪಾರಿಯ ಹೆಂಡತಿಯೇ ತೆಗೆದುಕೊಟ್ಟಳು. ಅದರ ಸದ್ದು ಎಲ್ಲದಕ್ಕಿಂತ ಚೆನ್ನಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿವಮಲ್ಲುವಿನ ಮುಖ ಅರಳಿತ್ತು. ಜೇಬಿನಿಂದ ಕಾಗದ ತೆಗೆದ. ಇಪ್ಪತ್ತೆರಡು ಮಾತಿನ ಕೆಳಗೆ ಇಪ್ಪತ್ತಮೂರನೆಯದನ್ನು ಬರೆದುಕೊಂಡ. ಆಮೇಲೆ ಕಾರು ಇಲ್ಲದವರು ಹೇಳಿದ ಹದಿನೆಂಟನ್ನು ಹೊಡೆದುಹಾಕಿದ.

“ತಿಳಿಯಿತು ಗುರುಗಳೇ” ಎಂದ. “ನನ್ನ ಮಗುವೇನು ಹೇಳಿ ಬರುತ್ತದೆಯೇ? ಅದು ಬರುವ ಹೊತ್ತಿಗೆ ಕಾರು ತಣ್ಣಗೇ ನಿಂತಿರುತ್ತದೆ. ಆ ತಣ್ಣನೆಯ ಕಾರನ್ನೇ ನಾನು ನೋಡಬೇಕು. ಹತ್ತು ಗಂಟೆಗೆ ಬರುತ್ತೇನೆ ಎಂದು ಮರಿದೇವರಿಗೆ ಹೇಳಿದ್ದೇನೆ. ಹೇಳಿದ್ದು ಹಾಗೇ ಇರಲಿ. ನಾನು ಐದೂವರೆಗೇ ಹೋಗಿ ಬಾಗಿಲು ತಟ್ಟುತ್ತೇನೆ. ಪಾಪ, ಅವನಿಗೆ ಕನಸಿನಲ್ಲೂ ಗೊತ್ತಾಗುವುದಿಲ್ಲ.”

ಅವನು ಗುರುಗಳ ಕಾಲಿಗೆ ನಮಸ್ಕಾರ ಮಾಡಿ ಎದ್ದ. ಬಾಳೆಹಣ್ಣಿನ ಸಿಪ್ಪೆ ಇನ್ನೂ ಕೈಯಲ್ಲೇ ಇತ್ತು. ಅವನು ಮೆಟ್ಟಿಲು ಇಳಿಯುತ್ತಿರುವಾಗ ಗುರುಗಳು ಹೇಳಿದರು:

“ಆ ಹಣ್ಣು ತಂದವನು ಮರಿದೇವರೇ; ಹಳೆಯ ಡೀಸೆಲ್ ಕಾರು ಮಾರುವ ಮೊದಲು ಏನನ್ನು ತಿಳಿದಿರಬೇಕು ಎಂದು ಬೆಳಿಗ್ಗೆ ಕೇಳಿದ, ಅವನಿಗೂ ಇದೇ ಕತೆ ಹೇಳಿ ಕಳಿಸಿದೆ.”